ಎಡಕ್ಕೆ ವಾಲಿದ ಎಲೆಗಳು

ಚಪ್ಪಲಿ ಬಿಡುವುದಕ್ಕೂ ಮೊದಲೇ ಮಣಿಯಮ್ಮ ಹೇಳಿಬಿಟ್ಟಳು. "ಈ ಸಲ ಕಪ್ಪು ಬೇಡಮ್ಮ. ಹೊಳಪು ಕೊಡು. ಬೆಳ್ಳಿ ಎಲೆ ಹಿಡಿದರೆ ಅದರಲ್ಲಿ ಮುಖ ಕಾಣಬೇಕು."

ತಂಗಿಯ ಕೈಯಲ್ಲಿದ್ದ ಬ್ರಷ್ಷು ಇದ್ದಲ್ಲೇ ನಿಂತಿತು. ಗಾಬರಿ ಮುಖದಲ್ಲಿ ಕಾಣಬಾರದೆಂದು ಬ್ರಷ್ಷನ್ನು ತಿರುಗಿಸಿ, ಕೂದಲು ಸರಿಯಿದೆಯೇ ಎಂದು ನೋಡುವವಳಂತೆ ನೋಡಿದಳು.

"ಹೊಳಪು ಈಗ ಯಾರು ಹಾಕ್ಕೋತಾರೆ? ಕಪ್ಪು ಕೊಟ್ಟರೆ ಎಲೆಯ ನರ ಎದ್ದು ಕಾಣುತ್ತೆ ಅಂತ ನೀವೇ ಹೋದ ಸಲ ಅಂದ್ರಿ."

"ಅಂದೆ. ಈಗ ಬೇರೆ ಅಂತಿದೀನಿ. ನಾಲಿಗೆ ನಂದೇ ತಾನೆ?"

ಮಣಿಯಮ್ಮ ಎಂಬುದು ಅವಳ ನಿಜವಾದ ಹೆಸರಲ್ಲ. ಪರ್ಸು ತೆಗೆದರೆ ಚಿಲ್ಲರೆಗಿಂತ ಮೊದಲು ಮಣಿಗಳು ಉದುರುತ್ತಿದ್ದವೆಂದು ಅಕ್ಕ ಇಟ್ಟ ಹೆಸರು. ಅವಳು ಹಾರ ಕಟ್ಟುವವಳು. ಅಕ್ಕತಂಗಿಯರು ಮಾಡಿಕೊಡುವ ಬೆಳ್ಳಿಯ ಎಲೆ, ಮೊಗ್ಗು, ಬಳ್ಳಿಯ ಸುರುಳಿಯಂಥ ಕೊಂಡಿ, ಇವನ್ನೆಲ್ಲ ಒಯ್ದು ಮಣಿಗಳ ನಡುವೆ ಪೋಣಿಸಿ ಮಾರುತ್ತಿದ್ದಳು. ಒಳ್ಳೆಯ ಹೆಂಗಸು. ಆದರೆ ಆ ಹೊತ್ತಿನಲ್ಲಿ ತಂಗಿಗೆ ಅವಳನ್ನು ಬಾಗಿಲಾಚೆ ನೂಕಿ ಚಿಲಕ ಹಾಕಿಬಿಡೋಣ ಎನ್ನಿಸಿತು.

ಕಿಟಕಿಯ ಪಕ್ಕದ ಮೇಜಿನಲ್ಲಿ ಅಕ್ಕ ಬಗ್ಗಿಕೊಂಡು ಎಲೆ ಕೊಯ್ಯುತ್ತಿದ್ದಳು. ತಲೆ ಎತ್ತಲಿಲ್ಲ. "ಗಿರಾಕಿ ಕೇಳಿದ್ದು ಕೊಡಬೇಕಪ್ಪ" ಎಂದಷ್ಟೇ ಅಂದಳು.

ಈ ಮನೆಯ ಕೆಲಸ ಎರಡು ಭಾಗ. ಬೆಳ್ಳಿಯ ತಗಡಿನ ಮೇಲೆ ಎಲೆ ಬರೆದು, ಕೂದಲೆಳೆಯಂಥ ಗರಗಸದಿಂದ ಅಂಚು ಕೊಯ್ದು, ಒಳಗಿನ ಒಂದೊಂದು ನರವನ್ನೂ ಸೀಳಿ ತೆಗೆಯುವುದು ಅಕ್ಕನದು. ಉಜ್ಜಿ, ತೊಳೆದು, ಕಪ್ಪೋ ಮಂಕೋ ಹೊಳಪೋ ಬಣ್ಣ ತರಿಸುವುದು ತಂಗಿಯದು. ಎಲೆ ಯಾವ ಮರದ್ದೆಂದು ಕೇಳಿದರೆ ಅಕ್ಕ ಕಿಟಕಿಯಾಚೆ ಬೀಗ ರಿಪೇರಿ ಅಂಗಡಿಯ ಗೋಡೆಗೆ ಹಬ್ಬಿದ ಬಳ್ಳಿಯನ್ನು ತೋರಿಸುತ್ತಿದ್ದಳು. ಅದಕ್ಕೆ ಯಾರೂ ನೀರು ಹಾಕಿದವರಲ್ಲ, ಅಕ್ಕನ ಹೊಟ್ಟೆಪಾಡು ಮಾತ್ರ ಅದರ ಮೇಲೆಯೇ ನಡೆದಿತ್ತು.

ಇಷ್ಟು ಎಲ್ಲರಿಗೂ ಗೊತ್ತಿದ್ದದ್ದು. ಹೊರಗಿನವರಿಗೆ ಗೊತ್ತಿಲ್ಲದ್ದು ಬೇರೆ. ಅಕ್ಕನ ಬಲಗೈ ನಡುಗಲು ಶುರುವಾಗಿ ಬಹಳ ದಿನವಾಗಿತ್ತು. ಎಲೆಯ ಅಂಚಿನಲ್ಲಿ ಬೇಡದ ಹಲ್ಲುಗಳು ಮೂಡುತ್ತಿದ್ದವು, ನರಗಳು ಅಡ್ಡಾದಿಡ್ಡಿ ಓಡುತ್ತಿದ್ದವು. ಊಟವಾದ ಮೇಲೆ ಅಕ್ಕ ಮಹಡಿಗೆ ಹೋಗಿ ಅಡ್ಡಾದ ಕೂಡಲೇ ತಂಗಿ ಬಾಗಿಲು ಓರೆ ಮಾಡಿ, ಅಕ್ಕನ ಗರಗಸ ಎತ್ತಿಕೊಂಡು, ಅಷ್ಟೇ ಎಲೆಗಳನ್ನು ತಾನೇ ಕೊಯ್ದು ಬದಲಾಯಿಸಿಬಿಡುತ್ತಿದ್ದಳು. ಅಕ್ಕನ ಎಲೆಗಳು ಪಾಲಿಶ್ ಬಟ್ಟೆಯ ಡಬ್ಬಿಯ ತಳಕ್ಕೆ ಹೋಗುತ್ತಿದ್ದವು. ಕೊಯ್ಯುವಾಗ ಕಂಡ ಅಂಕುಡೊಂಕು ತಂಗಿ ಉಜ್ಜಿದಾಗ ಹೋಗುತ್ತದೆಂದು ಅಕ್ಕ ತಿಳಿದಿದ್ದಳು.

ಹೇಳಿಬಿಡಬಹುದಿತ್ತಲ್ಲ ಎನ್ನುತ್ತೀರಿ. ಹೇಳಿ ನೋಡಿ ನೀವು. ಅವರಿಗೆ ಕೆಲಸ ಕಲಿಸಿದ ದೊಡ್ಡಪ್ಪ ಕೈ ನಡುಗಿದರೂ ಹಟ ಬಿಡದೆ ಕೊಯ್ಯುತ್ತಲೇ ಇದ್ದ. ಗಿರಾಕಿಗಳು ಅವನ ಮುಖ ನೋಡಿ ಎಲೆ ಕೊಂಡು, ಬೀದಿಯ ತಿರುವಿನಲ್ಲಿ ಬಿಸಾಕಿ ಹೋಗುತ್ತಿದ್ದರು. ಅದನ್ನು ಕಣ್ಣಾರೆ ಕಂಡಿದ್ದ ಅಕ್ಕ ಆಗಲೇ ಹೇಳಿದ್ದಳು: "ಅಯ್ಯೋ ಪಾಪ ಅಂತ ಯಾರೂ ನನ್ನ ಎಲೆ ಕೊಳ್ಳಬಾರದು. ಕೈ ಕೆಟ್ಟಿತು ಅಂತ ಗೊತ್ತಾದ ದಿನ ಈ ಕುರ್ಚಿಯಿಂದ ಎದ್ದೆ ಅಂತ ತಿಳ್ಕೋ." ಅಕ್ಕ ಆಡಿದ್ದನ್ನು ಮಾಡುವವಳು. ಕುರ್ಚಿಯಿಂದ ಎದ್ದ ಅಕ್ಕ ಬೆಳಗಾದರೆ ಏನು ಮಾಡುತ್ತಾಳೆಂದು ಯೋಚಿಸಲೂ ತಂಗಿಗೆ ಧೈರ್ಯ ಸಾಲುತ್ತಿರಲಿಲ್ಲ.

ಬದಲಾಯಿಸಿದ ಎಲೆಗಳಲ್ಲಿ ಒಂದೇ ಕುಂದಿತ್ತು. ತಂಗಿ ಹುಟ್ಟಾ ಎಡಚಿ. ಚಿಕ್ಕಂದಿನಲ್ಲಿ ಬೀದಿಗೆ ಬೀದಿಯೇ ಅವಳನ್ನು ಎಡಚಿ ಎಂದೇ ಕರೆಯುತ್ತಿತ್ತು. ಬಲಗೈಯವರು ಕೊಯ್ದ ಸೀಳು ಇಷ್ಟೇ ಇಷ್ಟು ಬಲಕ್ಕೆ ವಾಲುತ್ತದೆ, ಇವಳದು ಎಡಕ್ಕೆ. ಗಂಧಕದ ನೀರಿನಲ್ಲಿ ಅದ್ದಿ ಕಪ್ಪು ಮಾಡಿದರೆ ಸೀಳಿನ ಗೋಡೆಯೆಲ್ಲ ಕತ್ತಲಾಗಿ ಯಾರಪ್ಪನಿಗೂ ತಿಳಿಯುವುದಿಲ್ಲ. ಹೊಳಪು ಕೊಟ್ಟರೆ ಆ ಗೋಡೆ ಮಿಂಚುತ್ತದೆ, ಯಾವ ಕಡೆಗೆ ವಾಲಿದೆ ಎಂದು ಕೂಗಿ ಹೇಳುತ್ತದೆ. ಕಪ್ಪೇ ಈಗ ಚಾಲ್ತಿಯಲ್ಲಿದೆ ಎಂದು ತಂಗಿ ಕಂಡಕಂಡ ಗಿರಾಕಿಗಳ ತಲೆ ತಿಂದದ್ದು ಸುಮ್ಮನೆ ಅಲ್ಲ.

ಮಣಿಯಮ್ಮ ಹೋದ ಮೇಲೆ ತಂಗಿ ಕಾಲು ಸುಟ್ಟ ಬೆಕ್ಕಾದಳು. ನೀರು ಕುಡಿದಳು. ಬಾಗಿಲಿಗೆ ಹೋಗಿ ಬೀಗದವನ ಅಂಗಡಿ ನೋಡಿ ಬಂದಳು. ಮತ್ತೆ ನೀರು ಕುಡಿದಳು.

"ಏನೇ ಅದು, ನೆಲ ಅಳೀತಿದೀಯಾ?" ಅಕ್ಕ ಕೇಳಿದಳು.

"ಕಾಲು ಜೋಮು ಹಿಡಿದಿದೆ."

ಅಷ್ಟರಲ್ಲಿ ಭಾವ ಟೀ ತಂದ. ಅಕ್ಕನ ಲೋಟ ಅರ್ಧಕ್ಕೇ ನಿಂತಿತ್ತು. ಈಚೆಗೆ ಅವನು ಅರ್ಧವೇ ತುಂಬಿಸುತ್ತಿದ್ದ, ತುಳುಕಬಾರದೆಂದು.

"ಈ ಮನೇಲಿ ಟೀಗೂ ಬರ ಬಂತಾ?" ಅಂದಳು ಅಕ್ಕ.

"ಹಾಲು ಸಾಲಲಿಲ್ಲ ಕಣೆ."

"ನಿಮ್ಮ ಲೋಟಕ್ಕೆ ಸಾಕಾಗಿದೆಯಲ್ಲ."

ಭಾವ ತನ್ನ ಲೋಟ ಎತ್ತಿಕೊಂಡು ಒಳಗೆ ಹೋದ.

ಮಾರನೆಯ ದಿನ ತಂಗಿ ಒಂದು ಉಪಾಯ ಹೂಡಿದಳು. ಮೂರು ಎಲೆಗಳನ್ನು ಮೂರು ಬಗೆಯಲ್ಲಿ ತಯಾರು ಮಾಡಿದಳು. ಒಂದು ಕಪ್ಪು, ಒಂದು ಸೀಳಿನ ಗೋಡೆ ಮಿಂಚದಂತೆ ಮರಳು ಕಾಗದದಲ್ಲಿ ತಿಕ್ಕಿ ಮಂಕು, ಒಂದು ಹೊಳಪು. ಹೊಳಪಿನದನ್ನು ಬೇಕೆಂದೇ ಅರೆಮನಸ್ಸಿನಿಂದ ಉಜ್ಜಿ, ಎಣ್ಣೆ ಮೆತ್ತಿದ ಮುಖದಂತೆ ಮಾಡಿದ್ದಳು. ಮೂರನ್ನೂ ಬಟ್ಟೆಯ ಮೇಲೆ ಸಾಲಾಗಿಟ್ಟು ಅಕ್ಕನ ಮುಂದೆ ಸರಿಸಿದಳು.

"ಮಂಕು ಎಷ್ಟು ಚೆನ್ನಾಗಿದೆ ನೋಡು, ಬೆಳಗಿನ ಹೊತ್ತು ಎಲೆ ಹೀಗೇ ತಾನೆ ಕಾಣೋದು? ಮಣಿಯಮ್ಮಂಗೆ ನೀನು ಒಂದು ಮಾತು ಹೇಳಿದರೆ ಒಪ್ಕೋತಾಳೆ."

ಅಕ್ಕ ಮೂರನ್ನೂ ಮುಟ್ಟಿ ನೋಡಿದಳು. ಕಪ್ಪನ್ನು ಹೆಚ್ಚು ಹೊತ್ತು ಹಿಡಿದಿದ್ದಳು. ಬಟ್ಟೆಯ ಮೇಲೆ ಅವಳ ಬೆರಳು ಟಕಟಕ ಆಡುತ್ತಿತ್ತು, ತಂಗಿ ಬೇರೆ ಕಡೆ ನೋಡಿದಳು.

"ಹೊಳಪೇ ಇರಲಿ" ಅಂದಳು ಅಕ್ಕ. "ಇದನ್ನ ಯಾರು ಉಜ್ಜಿದ್ದು, ನೀನೋ ನಿಮ್ಮ ಭಾವನೋ? ಸರಿಯಾಗಿ ಉಜ್ಜು."

ಇನ್ನು ದಾರಿ ಯಾವುದು? ಅಕ್ಕನ ಎಲೆಗಳನ್ನೇ ಕಳಿಸಿದರೆ ಮಣಿಯಮ್ಮ ಹಿಂದಕ್ಕೆ ತರುತ್ತಾಳೆ, ಅಕ್ಕ ಏಳುತ್ತಾಳೆ. ತನ್ನವನ್ನು ಕಳಿಸಿದರೆ ಅಕ್ಕನ ಕಣ್ಣಿಗೆ ಬೀಳುತ್ತವೆ, ಆಗಲೂ ಅಕ್ಕ ಏಳುತ್ತಾಳೆ. ಬಲಗೈಯಲ್ಲಿ ಕೊಯ್ದು ನೋಡಿದಳು. ಗರಗಸದ ಎಳೆಗಳು ಪಟಪಟ ತುಂಡಾದವು. ಸೀಳಿನೊಳಗೆ ಸಣ್ಣ ಅರ ತೂರಿಸಿ ಗೋಡೆ ನೆಟ್ಟಗೆ ಮಾಡಲು ಹೋದಳು. ನರಗಳು ದಪ್ಪಗಾಗಿ ಎಲೆಯೇ ಕೆಟ್ಟಿತು. ಅನ್ನ ತಟ್ಟೆಯಲ್ಲೇ ಆರಿತು. ಯಾರಾದರೂ ಕರೆದರೆ ಬೆಚ್ಚಿಬೀಳುತ್ತಿದ್ದಳು. ಕಡೆಗೆ ಒಂದೇ ಆಸೆ ಉಳಿಯಿತು: ಅಕ್ಕ ನೋಡುವ ಮೊದಲೇ ಪೊಟ್ಟಣ ಕಟ್ಟಿ ಕಳಿಸಿಬಿಡಬೇಕು.

ಮಣಿಯಮ್ಮ ಬರುವ ದಿನ ತಂಗಿ ಬೇಗನೆ ಎದ್ದು ಪಾಲಿಶ್ ಚಕ್ರದ ಮುಂದೆ ಕೂತಳು. ತನ್ನ ಎಲೆಗಳನ್ನು ಒಂದೊಂದಾಗಿ ಹಿಡಿದಳು. ಕೆಲಸವಂತೂ ಕೆಡಿಸಲಾರಳು, ಕೈ ಅಷ್ಟು ಪಳಗಿತ್ತು. ಉಜ್ಜುತ್ತಾ ಉಜ್ಜುತ್ತಾ ಎಲೆಗಳು ಎಂಥ ಹೊಳಪಿಗೆ ಬಂದವೆಂದರೆ, ಒಂದು ಗಳಿಗೆ ಭಯ ಮರೆತು ಅವಳಿಗೇ ಹಿಗ್ಗಾಯಿತು. ತಾನು ಕೊಯ್ದ ಎಲೆಯನ್ನು ಪೂರಾ ಹೊಳಪಿನಲ್ಲಿ ಅವಳು ನೋಡುತ್ತಿದ್ದದ್ದು ಅದೇ ಮೊದಲು. ಪೊಟ್ಟಣಕ್ಕೆ ಕಾಗದ ಹರಿಯುವಾಗ ಹಿಂದೆ ಅಕ್ಕ ನಿಂತಿದ್ದಳು.

"ದಾರಕ್ಕೆ ಕಟ್ಟಿ ಕಿಟಕಿಗೆ ತೂಗುಹಾಕು. ನೋಡಿ ಕಳಿಸೋಣ."

"ತಡ ಆಗುತ್ತೆ ಅಕ್ಕ."

"ಆಗಲಿ."

ತಂಗಿ ಕಟ್ಟಿದಳು. ಗಂಟು ಎರಡು ಸಲ ಜಾರಿತು. ಎಲೆಗಳು ಕಿಟಕಿಯಲ್ಲಿ ತಿರುಗಿದವು, ಒಂದರ ಹಿಂದೊಂದು ಮಿಂಚಿದವು, ಎಲ್ಲದರ ಮಿಂಚೂ ಎಡಕ್ಕೇ ಓಡಿತು. ಕುರುಡರಿಗೂ ಕಾಣುವಂತಿತ್ತು. ಅಕ್ಕ ಎಷ್ಟೋ ಹೊತ್ತು ನೋಡಿದಳು.

"ನನ್ನವು ಎಲ್ಲಿ?" ಎಂದು ಕೇಳಿದಳು. "ಕರಗಿಸಿದೆಯಾ?"

ತಂಗಿ ಇಲ್ಲವೆಂದು ತಲೆಯಲ್ಲಾಡಿಸಿ, ಡಬ್ಬಿಯ ಬಟ್ಟೆಗಳನ್ನೆಲ್ಲ ಹೊರಗೆಸೆದು, ತಳದಲ್ಲಿದ್ದದ್ದನ್ನು ಮೇಜಿನ ಮೇಲೆ ಸುರಿದಳು.

"ಮಣಿಯಮ್ಮಂಗೆ ಹೊಳಪು ಕೇಳು ಅಂತ ಹೇಳಿದ್ದು ನಾನೇ" ಅಂದಳು ಅಕ್ಕ. "ಒಂದು ಕಡೆ ಗಂಡ ಅರ್ಧ ಲೋಟ ಟೀ ಕೊಡ್ತಾನೆ, ಇನ್ನೊಂದು ಕಡೆ ತಂಗಿ ಎಲ್ಲಾನೂ ಕಪ್ಪು ಮಾಡ್ತಾಳೆ. ನನಗೇನು ಕೈ ಜೊತೆ ಬುದ್ಧೀನೂ ಹೋಗಿದೆ ಅಂದ್ಕೊಂಡ್ರಾ? ಆದರೂ ಕಣ್ಣಲ್ಲಿ ನೋಡದೆ ಹೇಗೆ ನಂಬಲಿ?"

"ಅಕ್ಕ, ಇವನ್ನ ಹುಳ ತಿಂದ ಎಲೆ ಅಂತ ಮಾರಬಹುದು. ನಿಜವಾದ ಎಲೆ ಹೀಗೇ ಇರುತ್ತಲ್ಲ, ಜನಕ್ಕೆ..."

"ಸುಮ್ನಿರು. ಹುಳ ಇದಕ್ಕಿಂತ ಅಚ್ಚುಕಟ್ಟಾಗಿ ತಿನ್ನುತ್ತೆ."

ತಂಗಿಗೆ ನಗುವೂ ಬಂತು, ಅಳುವೂ ಬಂತು. ಅಕ್ಕ ತನ್ನ ಎಲೆಗಳನ್ನು ಅಂಗೈಯಿಂದ ಒಂದೆಡೆ ಗುಡ್ಡೆ ಮಾಡಿದಳು. "ಇವನ್ನ ಕರಗಿಸು, ಬೆಳ್ಳಿ ಯಾಕೆ ಹಾಳಾಗಬೇಕು" ಅಂದಳು. ಸೆರಗಿನಿಂದ ಮೂಗೊರೆಸಿಕೊಂಡು ಮತ್ತೆ ಕಿಟಕಿಯ ಎಲೆಗಳನ್ನು ನೋಡಿದಳು.

"ಎಡಗೈಗೆ ಗರಗಸ ಬರಲ್ಲ ಅಂತ ನಾನೇ ಅಲ್ವಾ ನಿನ್ನನ್ನ ಉಜ್ಜೋಕೆ ಕೂರಿಸಿದ್ದು?"

"ದೊಡ್ಡಪ್ಪ ಹೇಳಿದ್ರು."

"ದೊಡ್ಡಪ್ಪ ಹೇಳಲಿಲ್ಲ. ಅವರು ಕಲಿಯಲಿ ಬಿಡು ಅಂದರು. ಬೇಡ ಅಂದಿದ್ದು ನಾನು. ಒಂದು ಮನೇಲಿ ಎರಡು ಗರಗಸ ಬೇಡ ಅಂತ ಅನ್ನಿಸಿತ್ತು."

ತಂಗಿಗೆ ಸಿಟ್ಟು ಬರಬೇಕಿತ್ತು. ಸ್ವಲ್ಪ ಬಂತು ಕೂಡ. ಇಷ್ಟು ವರ್ಷ ಗಂಧಕದ ವಾಸನೆಯಲ್ಲಿ ಕೂತ ಸಿಟ್ಟು ಸುಮ್ಮನೆ ಹೋಗುವುದಿಲ್ಲ.

ಅಕ್ಕ ಕುರ್ಚಿಯಿಂದ ಎದ್ದಳು. ಅಂಜಿದ್ದು ನಡೆದೇ ಹೋಯಿತು ಎಂದುಕೊಂಡು ತಂಗಿ ಕಣ್ಣು ಮುಚ್ಚಿದಳು. ತೆರೆದಾಗ ಅಕ್ಕ ಬಾಗಿಲ ಕಡೆ ಹೋಗಿರಲಿಲ್ಲ. ಮೇಜಿನ ಎಡ ಅಂಚಿಗೆ ದೀಪವನ್ನು ಬಿಗಿದಿದ್ದ ತಿರುಪನ್ನು ಸಡಿಲಿಸುತ್ತಿದ್ದಳು. ಬಲಗೈಯವರಿಗೆ ದೀಪ ಎಡಕ್ಕಿರಬೇಕು, ಇಲ್ಲದಿದ್ದರೆ ಕೈಯ ನೆರಳು ಎಲೆಯ ಮೇಲೆ ಬೀಳುತ್ತದೆ. ಆ ದೀಪ ಅಲ್ಲಿಂದ ಎಂದೂ ಕದಲಿರಲಿಲ್ಲ, ಮರದಲ್ಲಿ ಅದರ ಹಲ್ಲಿನ ಗುರುತು ಬಿದ್ದಿತ್ತು.

ತಿರುಪು ಬಿಗಿಯಾಗಿತ್ತು. ಅಕ್ಕನ ಬೆರಳು ಜಾರುತ್ತಿತ್ತು, ಮತ್ತೆ ಹಿಡಿಯುತ್ತಿತ್ತು, ಮತ್ತೆ ಜಾರುತ್ತಿತ್ತು. ತಂಗಿ ಕೈ ಚಾಚಿದಳು.

"ಮುಟ್ಟಬೇಡ. ಕೂತ್ಕೋ ಎಡಚಿ."

ಆ ಹೆಸರು ಕೇಳಿ ಎಷ್ಟೋ ಕಾಲವಾಗಿತ್ತು. ತಂಗಿ ಅಕ್ಕನ ಕುರ್ಚಿಯಲ್ಲಿ ಕೂತಳು, ಅದಿನ್ನೂ ಬೆಚ್ಚಗಿತ್ತು. ಕೈಗಳು ತಾವಾಗಿಯೇ ಎದ್ದು ಸಹಾಯಕ್ಕೆ ಹೋಗುತ್ತಿದ್ದವು. ಎರಡನ್ನೂ ತೊಡೆಯ ಕೆಳಗೆ ಅದುಮಿಕೊಂಡಳು. ಹೊರಗೆ ಮಣಿಯಮ್ಮನ ಚಪ್ಪಲಿ ಸದ್ದಾಯಿತು, ಅವಳು ಬಾಗಿಲು ತಟ್ಟಿದಳು. ಯಾರೂ ಹೋಗಿ ತೆಗೆಯಲಿಲ್ಲ. ಅಕ್ಕ ದೀಪ ಬಿಡಿಸಿಕೊಂಡು, ಎದೆಗವಚಿ ಹಿಡಿದು, ಮೇಜು ಸುತ್ತಿ ಬಂದು ಬಲ ಅಂಚಿಗೆ ಕೂರಿಸಿದಳು. ತಿರುಪು ಬಿಗಿಯುತ್ತಾ ಒಳಗಿನ ಭಾವನಿಗೆ ಕೂಗಿ ಹೇಳಿದಳು:

"ರೀ, ಬಾಗಿಲು ತೆಗೀರಿ. ಹಾಗೇ ಟೀ ತನ್ನಿ. ನನ್ನ ಲೋಟ ತುಂಬಾ ಇರಲಿ, ಚೆಲ್ಲಿದರೆ ಒರೆಸ್ಕೋತೀನಿ."