ಗಟ್ಟಿ ಮರಳು

ಬೆಂಕಿಯಲ್ಲಿ ಅರ್ಧ ಉರಿದಿದ್ದ ಕೋಲಿನ ತುದಿಗೆ ಕೆಂಪು ಬಣ್ಣ ಬಳಿದಿತ್ತು. ಅದರ ಕೆಳಗೆ 83 ಎಂಬ ಅಂಕೆ. ವಸುಂಧರಾ ಚಹಾದ ಲೋಟವನ್ನು ಮರಳಿನ ಮೇಲಿಟ್ಟು ಬಗ್ಗಿ ನೋಡಿದಳು. ಪಕ್ಕದ್ದು 84. ಮತ್ತೊಂದರ ಅಂಕೆ ಆಗಲೇ ಸುಟ್ಟು ಕಪ್ಪಾಗಿತ್ತು. ಎರಡು ಮಾರು ದೂರದಲ್ಲಿ, ರಮಾಕಾಂತನ ಜೀಪಿನ ಚಕ್ರದ ಪಕ್ಕ, ಅಂಥವೇ ಇಪ್ಪತ್ತೈದು ಮೂವತ್ತು ಕೋಲುಗಳನ್ನು ಸೌದೆಯ ಹಾಗೆ ಒಟ್ಟಿದ್ದರು.

ಅವು ಅವಳ ಕೋಲುಗಳು. ಅಂಕೆಗಳು ಅವಳ ಕೈಬರಹ.

ಜಪಾನಿನ ಹಮಾಮತ್ಸು ಊರಿನ ಈ ಕಡಲತೀರದಲ್ಲಿ ಮೈಲಿಗಟ್ಟಲೆ ಮರಳ ದಿಬ್ಬಗಳಿದ್ದವು. ನದಿಯ ಮೇಲುಭಾಗದಲ್ಲಿ ಅಣೆಕಟ್ಟುಗಳಾದ ಮೇಲೆ ಹೊಸ ಮರಳು ಬರುವುದು ಕಡಿಮೆಯಾಗಿ, ದಿಬ್ಬಗಳು ವರ್ಷದಿಂದ ವರ್ಷಕ್ಕೆ ಸವೆಯುತ್ತಿದ್ದವು. ಎಷ್ಟು ಸವೆಯುತ್ತಿವೆ, ಯಾವ ಕಡೆಗೆ ಸರಿಯುತ್ತಿವೆ ಎನ್ನುವುದೇ ವಸುಂಧರಾಳ ಪಿಎಚ್‌ಡಿ. ಎರಡು ವರ್ಷದ ಹಿಂದೆ ನೂರಿಪ್ಪತ್ತು ಕೋಲುಗಳನ್ನು ಬಸ್‌ಸ್ಟಾಪಿನಿಂದ ಬೆನ್ನ ಮೇಲೆ ಹೊತ್ತು ತಂದು, ಒಂದೊಂದಕ್ಕೂ ಅಳತೆ ಹಿಡಿದು ನೆಟ್ಟಿದ್ದಳು. ಪ್ರತಿ ತಿಂಗಳ ಮೊದಲ ಭಾನುವಾರ ಬಂದು ಯಾವ ಕೋಲು ಮರಳಿನಿಂದ ಎಷ್ಟು ಮೇಲೆ ಕಾಣುತ್ತಿದೆ ಎಂದು ಬರೆದುಕೊಂಡು ಹೋಗುತ್ತಿದ್ದಳು. ಚಳಿಗಾಲದ ಒಣಗಾಳಿಗೆ ಮರಳು ಮುಖಕ್ಕೆ ಸೂಜಿಯಂತೆ ಚುಚ್ಚುವಾಗಲೂ ಒಂದು ಭಾನುವಾರ ತಪ್ಪಿಸಿರಲಿಲ್ಲ. ಬರುವ ಮಾರ್ಚ್‌ಗೆ ಪ್ರಬಂಧ ಒಪ್ಪಿಸಬೇಕಿತ್ತು. ಅಳತೆ ಒಂದು ತಿಂಗಳು ತಪ್ಪಿದರೆ ನಡೆಯುತ್ತದೆ, ಕೋಲೇ ಹೋದರೆ ಹಿಂದಿನ ಎರಡು ವರ್ಷವೂ ಹೋದಂತೆ.

ಇದನ್ನೆಲ್ಲ ಅವಳು ರಮಾಕಾಂತನಿಗೆ ಹೇಳಿದ್ದಳು. ಅವನ ಮನೆಯಲ್ಲೇ, ಅವನ ಹೆಂಡತಿ ಅಪರ್ಣಾ ಬಡಿಸಿದ ಸಾರನ್ನ ಊಟ ಮಾಡುತ್ತಾ, ಫೋಟೊಗಳನ್ನು ತೋರಿಸಿ ಹೇಳಿದ್ದಳು. ಈ ಊರಿನಲ್ಲಿ ಕನ್ನಡ ಮಾತಾಡಲು ಅವಳಿಗಿದ್ದದ್ದು ಅದೊಂದೇ ಮನೆ. ಮೇ ಮೊದಲ ವಾರದ ಗೋಲ್ಡನ್ ವೀಕ್ ರಜೆಗೆ ಮೂರು ಗಾಡಿ ಹೊರಡಿಸಿ ದಿಬ್ಬಗಳ ಮೇಲೆ ಓಡಿಸಿ ಅಲ್ಲೇ ಟೆಂಟ್ ಹಾಕೋಣ, ನೀನೂ ಬಾ, ಆ ಜಾಗ ನಿನಗೇ ಚೆನ್ನಾಗಿ ಗೊತ್ತು ಎಂದು ಅಪರ್ಣಾ ಕರೆದಾಗ ಇಲ್ಲವೆನ್ನಲು ಆಗಿರಲಿಲ್ಲ. ರಮಾಕಾಂತ ಅದಕ್ಕೆ ‘ಡೆಸರ್ಟ್ ಸಫಾರಿ’ ಎಂದು ಹೆಸರಿಟ್ಟಿದ್ದ. ಕೋಲುಗಳಿರುವ ಪಶ್ಚಿಮದ ದಿಬ್ಬಗಳಿಗೆ ಮಾತ್ರ ಗಾಡಿ ಹತ್ತಿಸಬೇಡಿ ಎಂದು ಅವಳು ಎರಡು ಸಲ ಹೇಳಿದ್ದಳು. ಮಧ್ಯಾಹ್ನ ಅವಳೂ ಅಪರ್ಣಾಳೂ ಅಡುಗೆಗೆ ಕೂತಾಗ ಗಂಡಸರು ಹೋದದ್ದು ಅಲ್ಲಿಗೇ.

“ಇದನ್ನ ಯಾರು ಕಿತ್ತಿದ್ದು?” ಎಂದು ವಸುಂಧರಾ ಕೇಳಿದಳು.

ರಮಾಕಾಂತ ಮಡಚುವ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. “ಟೈರಿಗೆ ಅಡ್ಡ ಬರ್ತಿತ್ತಮ್ಮ. ಇನ್ನೂ ನೂರು ಇದ್ಯಲ್ಲ, ಬಿಡು.”

“ಇದು ನನ್ನ ಎರಡು ವರ್ಷದ ಕೆಲಸ.”

“ನಾನೂ ಎರಡು ವರ್ಷ ಅಂಕೆ ತಿದ್ದಿದೀನಿ, ಡಾಕ್ಟ್ರಮ್ಮ. ಎರಡಂಕಿ ಇದ್ದಿದ್ನೆಲ್ಲ ನಾಲ್ಕಂಕಿ ಮಾಡ್ದೆ. ಡಿಸೆಂಬರ್ ಮೂವತ್ತೊಂದು ಆಫೀಸ್ನಲ್ಲೇ ಮಲಗಿದ್ದೆ. ಏನಾಯ್ತು? ಏನೂ ಆಗ್ಲಿಲ್ಲ. ನಿನ್ನ ಅಂಕೆ ಹೋದ್ರೂ ಅಷ್ಟೇ, ಏನೂ ಆಗಲ್ಲ.”

ಕ್ಯಾಮೆರಾ ಹಿಡಿದು ಎಲ್ಲವನ್ನೂ ವಿಡಿಯೊ ಮಾಡುತ್ತಿದ್ದ ಅಶ್ವತ್ಥ ನಕ್ಕ. ಅವನು ರಮಾಕಾಂತನ ಕೈಕೆಳಗೆ ಕೆಲಸ ಮಾಡುವವನು, ರಮಾಕಾಂತ ಏನು ಹೇಳಿದರೂ ನಗುತ್ತಿದ್ದ. ರಮಾಕಾಂತ ನಗಲಿಲ್ಲ. ಇಸವಿ 2000 ಆದಾಗ ಕಂಪ್ಯೂಟರುಗಳು ಎಡವದಂತೆ ತಿದ್ದುವುದು ಅವನ ಕೆಲಸವಾಗಿತ್ತು. ಹೊಸ ವರ್ಷ ಯಾವ ತೊಂದರೆಯೂ ಇಲ್ಲದೆ ದಾಟಿದ ಮೇಲೆ, ಇಷ್ಟು ಜನ ಇಷ್ಟು ದಿನ ದುಡಿಯುವ ಅಗತ್ಯವಾದರೂ ಇತ್ತೇ ಎಂದು ಕಂಪನಿಯವರು ಕೇಳಿದ್ದರಂತೆ. ಜೂನ್ ಕೊನೆಗೆ ಅವನ ಕಾಂಟ್ರಾಕ್ಟ್ ಮುಗಿಯುತ್ತಿತ್ತು. ಅಷ್ಟರೊಳಗೆ ಜೀಪನ್ನೂ ಮಾರಬೇಕಿತ್ತು. ಎರಡನೇ ಕೈಯ ಆ ಹಸಿರು ಜೀಪನ್ನು ಅವನು ಪ್ರತಿ ಭಾನುವಾರ ತಾನೇ ತೊಳೆಯುತ್ತಿದ್ದ, ಬೇರೆಯವರಿಗೆ ಸ್ಟೀರಿಂಗ್ ಮುಟ್ಟಲು ಬಿಡುತ್ತಿರಲಿಲ್ಲ.

ಮೂರನೆಯ ಗಾಡಿಯವರು ಒಜಾವಾ-ಸಾನ್, ರಮಾಕಾಂತನ ಆಫೀಸಿನ ಹಿರಿಯ ಸಹೋದ್ಯೋಗಿ. ಮಾತು ಅರ್ಥವಾಗದಿದ್ದರೂ ವಸುಂಧರಾಳ ಮುಖ ನೋಡಿ ಅವರಿಗೆ ಏನೋ ಹೊಳೆದಂತಿತ್ತು. ಎದ್ದು ಬಂದು, ಇವು ನಿಮ್ಮವೇ ಎಂದು ಕೇಳಿದರು. ಬೇಡವಾದ ಕೋಲುಗಳು, ಕೀಳಬಹುದು ಎಂದು ರಮಾಕಾಂತ-ಸಾನ್ ಹೇಳಿದರು, ನಾನೂ ಹತ್ತು ಕಿತ್ತೆ ಎಂದರು. ಆಮೇಲೆ ಸೊಂಟ ಬಗ್ಗಿಸಿ, ತುಂಬ ಹೊತ್ತು ತಲೆ ಎತ್ತದೆ ಕ್ಷಮೆ ಕೇಳಿದರು. ರಮಾಕಾಂತ ಅದನ್ನು ನೋಡುತ್ತಾ ಇನ್ನೊಂದು ಕೋಲನ್ನು ಬೆಂಕಿಗೆ ತಳ್ಳಿದ.

ಟೆಂಟಿನಲ್ಲಿ ಮಲಗುವ ಮುನ್ನ ಅಪರ್ಣಾ, “ಅವ್ರು ಹಾಗೇ, ಮನಸ್ಸಿಗೆ ಹಚ್ಕೋಬೇಡ. ಬೆಳಿಗ್ಗೆ ನಾನೂ ಬರ್ತೀನಿ, ಇಬ್ರೂ ಸೇರಿ ನೆಟ್ಬಿಡೋಣ” ಎಂದಳು. ವಸುಂಧರಾ ಮಗ್ಗುಲಾದಳು. ನಡುವೆ ಅಪರ್ಣಾಳ ಆರು ವರ್ಷದ ಮಗಳು ನಿಶಾ ನಿದ್ದೆಯಲ್ಲಿ ವಸುಂಧರಾಳ ಜಡೆಯನ್ನು ಹಿಡಿದುಕೊಂಡಿತ್ತು.

ಬೆಳಿಗ್ಗೆ ಗಾಳಿ ತಣ್ಣಗಿತ್ತು. ಸಮುದ್ರ ಏರುತ್ತಿತ್ತು. ಟೆಂಟ್ ಬಿಚ್ಚಿ ಎಂಟರೊಳಗೆ ಹೊರಟು, ತೀರದುದ್ದಕ್ಕೂ ಪಶ್ಚಿಮಕ್ಕೆ ಹೋಗಿ ಮೀನುಗಾರರ ಹಳ್ಳಿಯಲ್ಲಿ ಊಟ ಎಂದು ನಿಗದಿಯಾಗಿತ್ತು. ಎರಡು ದಾರಿಗಳಿದ್ದವು. ಒಂದು ದಿಬ್ಬಗಳ ಹಿಂದೆ, ಪೈನ್ ತೋಪಿನ ಅಂಚಿನಲ್ಲಿ ಸುತ್ತು ಬಳಸಿ ಹೋಗುವುದು. ಇನ್ನೊಂದು ನೇರ, ನೀರಿನ ಪಕ್ಕದ ಚಪ್ಪಟೆ ಹರವಿನ ಮೇಲೆ. ಆ ಹರವು ನೋಡಲು ಸಾರಿಸಿದ ಅಂಗಳದಂತಿತ್ತು. ಅದರ ಅಡಿಯಲ್ಲಿ ಒಂದು ಹಳೆಯ ತೊರೆ ಹರಿಯುತ್ತಿತ್ತು. ಮೇಲೆ ಅಂಗೈ ದಪ್ಪ ಒಣ ಮರಳು, ಅದರ ಕೆಳಗೆ ಅಂಬಲಿಯಂಥ ನೀರುಮರಳು. ವಸುಂಧರಾ ಅಲ್ಲಿ ಎಂಟು ಕೋಲು ನೆಟ್ಟಿದ್ದಳು. ಆ ಎಂಟೂ ಒಂದೇ ತಿಂಗಳೊಳಗೆ ಹೇಳಹೆಸರಿಲ್ಲದೆ ಮುಳುಗಿದ್ದವು. ಒಮ್ಮೆ ಅವಳೇ ತೊಡೆಯವರೆಗೆ ಹೂತು, ಅರ್ಧ ಗಂಟೆ ಹೆಣಗಿ ಹೊರಬಂದಿದ್ದಳು.

ರಮಾಕಾಂತ ಎಂಜಿನ್ ಶುರು ಮಾಡಿ ಕಿಟಕಿಯಿಂದ ತಲೆ ಹೊರಹಾಕಿದ. ನಿನ್ನೆಯದು ಅವನ ಮಟ್ಟಿಗೆ ಮುಗಿದುಹೋದ ಮಾತಾಗಿತ್ತು.

“ವಸು, ಈ ಕಡೆ ಗಟ್ಟಿ ಇದ್ಯಾ?”

ಅವಳು ಮಲಗುವ ಚೀಲವನ್ನು ಸುತ್ತುತ್ತಿದ್ದಳು. ಕೈ ನಿಲ್ಲಲಿಲ್ಲ.

“ದೈಜೋಬು,” ಎಂದಳು. ಏನೂ ತೊಂದರೆಯಿಲ್ಲ ಎನ್ನಲು ಅವರೆಲ್ಲ ಬಳಸುತ್ತಿದ್ದ ಜಪಾನಿ ಮಾತು ಅದು. “ಹೋಗಿ.”

ಜೀಪಿನಲ್ಲಿ ರಮಾಕಾಂತ ಒಬ್ಬನೇ ಇದ್ದ. ನಿಶಾ ಒಜಾವಾ-ಸಾನ್ ಗಾಡಿಯಲ್ಲಿ ಕೂತು, ಕೊಂಬಿನಿ ಅಂಗಡಿಯಿಂದ ತಂದಿದ್ದ ಅನ್ನದ ಉಂಡೆ ತಿನ್ನುತ್ತಿತ್ತು. ವಸುಂಧರಾ ಅದನ್ನು ನೋಡಿಕೊಂಡೇ ಉತ್ತರ ಹೇಳಿದ್ದಳು. ಚಕ್ರ ಹೂತುಹೋಗಲಿ, ಉಪ್ಪುನೀರು ಎಂಜಿನ್ನಿಗೆ ನುಗ್ಗಲಿ, ತನ್ನದೊಂದು ಕಣ್ಣೆದುರೇ ಹಾಳಾಗುವುದನ್ನು ಅವನೂ ನಿಂತು ನೋಡಲಿ. ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಆಗ ನಿಶಾ ಬಾಗಿಲು ತೆಗೆದು ಕೆಳಗೆ ಹಾರಿತು. ಉಂಡೆಯನ್ನು ಕೈಯಲ್ಲೇ ಹಿಡಿದು ಓಡಿ ಹೋಗಿ ಅಪ್ಪನ ಪಕ್ಕದ ಸೀಟಿಗೆ ಹತ್ತಿತು. ರಮಾಕಾಂತ ಬಾಗಿ ಮಗಳಿಗೆ ಬೆಲ್ಟ್ ಹಾಕಿದ. ಕನ್ನಡಿ ಸರಿಮಾಡಿಕೊಂಡ. ಕ್ಯಾಸೆಟ್ ತಿರುಗಿಸಿ ಹಾಕಿದ. ಜೀಪು ವಸುಂಧರಾಳಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಕೂಗಬೇಕಾಗಿಯೂ ಇರಲಿಲ್ಲ, ಒಂದು ಕೈ ಎತ್ತಿದ್ದರೆ ಸಾಕಿತ್ತು. ಅವಳು ಚೀಲದ ದಾರವನ್ನು ಎಳೆದು ಗಂಟು ಹಾಕಿದಳು. ಆ ಗಂಟು ಬಿಚ್ಚಿತು, ಮತ್ತೆ ಹಾಕಿದಳು.

ಜೀಪು ಹೊರಟಿತು.

ಅವಳು ಓಡಲು ಶುರು ಮಾಡಿದ್ದು ಜೀಪು ಹರವಿನ ನಡುವೆ ಸೇರಿದ ಮೇಲೆ. ಮುಂದಿನ ಬಲಚಕ್ರ ಮೊದಲು ಕುಸಿಯಿತು. ರಮಾಕಾಂತ ಆಕ್ಸಿಲರೇಟರ್ ಒತ್ತಿದ, ಚಕ್ರಗಳು ತಿರುಗಿ ತಿರುಗಿ ತಮ್ಮ ಗುಂಡಿಯನ್ನು ತಾವೇ ತೋಡಿಕೊಂಡವು. ಬಾಗಿಲಿನ ಮಟ್ಟಕ್ಕೆ ಮರಳು ಬಂತು. ಜೀಪು ಸಮುದ್ರದ ಕಡೆಗೆ ವಾಲಿತು. ಮೊದಲ ಅಲೆ ಬರೀ ನೊರೆ. ಎರಡನೆಯದು ಬಾನೆಟ್ಟಿಗೆ ಬಡಿದು ಕಿಟಕಿಯೊಳಗೆ ಸುರಿಯಿತು.

ಒಜಾವಾ-ಸಾನ್ ಹಗ್ಗ ತರಲು ಓಡಿದರು. ಅಶ್ವತ್ಥ ಹರವಿಗೆ ಕಾಲಿಟ್ಟವನು ಮೊಣಕಾಲವರೆಗೆ ಹೂತು ಅಲ್ಲೇ ನಿಂತುಬಿಟ್ಟ. ವಸುಂಧರಾಗೆ ಎಲ್ಲಿ ಕಾಲಿಡಬೇಕೆಂದು ಗೊತ್ತಿತ್ತು. ಚಿಪ್ಪುಗಳು ಬಿದ್ದಿದ್ದ ಗೆರೆಯ ಮೇಲೇ ಓಡಿದಳು. ಜೀಪಿನೊಳಗೆ ನಿಶಾ ಬೆಲ್ಟಿನಲ್ಲಿ ಸಿಕ್ಕಿ ಒದ್ದಾಡುತ್ತಿತ್ತು, ನೀರು ಎದೆಯವರೆಗಿತ್ತು. ರಮಾಕಾಂತ ಬೆಲ್ಟಿನ ಗುಂಡಿಯನ್ನು ಒತ್ತಿ ಒತ್ತಿ ಸೋಲುತ್ತಿದ್ದ. ಅವಳು ಕಿಟಕಿಯಿಂದ ಸೊಂಟದವರೆಗೆ ಒಳಗೆ ತೂರಿ, ಬೆಲ್ಟನ್ನು ಸಡಿಲ ಮಾಡಿ, ಮಗುವನ್ನು ಕಂಕುಳಿಗೆ ಕೈಹಾಕಿ ಎಳೆದುಕೊಂಡಳು. ಅವನು ಇನ್ನೊಂದು ಕಡೆಯಿಂದ ಹೊರಬಿದ್ದು ಈಜುವವನಂತೆ ತೆವಳಿ ಬಂದ.

ಎರಡು ಗಾಡಿ ಸೇರಿ ಎಳೆದರೂ ಜೀಪು ಅಲುಗಲಿಲ್ಲ. ಹಗ್ಗ ಹರಿಯಿತು. ಒಂಬತ್ತರ ಹೊತ್ತಿಗೆ ನೀರಿನ ಮೇಲೆ ಕಾಣುತ್ತಿದ್ದದ್ದು ಹಸಿರು ತಗಡಿನ ಚಾವಣಿ ಮಾತ್ರ.

ದಿಬ್ಬದ ಮರೆಯಲ್ಲಿ ಅಪರ್ಣಾ ಮಗುವಿನ ಬಟ್ಟೆ ಕಳಚಿ, ಕೈಗೆ ಸಿಕ್ಕಿದ ಟವೆಲ್ ಸುತ್ತಿ ಎದೆಗೆ ಒತ್ತಿಕೊಂಡಿದ್ದಳು. ಅದು ವಸುಂಧರಾಳ ಟವೆಲ್. “ಇವಳಿಲ್ದಿದ್ರೆ ಏನಾಗ್ತಿತ್ತೋ ತಾಯಿ” ಎಂದು ಅವಳ ಕೈ ಹಿಡಿದು ಅತ್ತಳು. ವಸುಂಧರಾ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ರಮಾಕಾಂತ ತೊಟ್ಟಿಕ್ಕುವ ಬಟ್ಟೆಯಲ್ಲೇ ನಿಂತು, ನೋಡೋಕೆ ಅಷ್ಟು ಗಟ್ಟಿ ಇತ್ತಲ್ಲ ಎಂದು ಯಾರಿಗೋ ಹೇಳಿಕೊಳ್ಳುವವನಂತೆ ಎರಡು ಮೂರು ಸಲ ಹೇಳಿದ. ನಿಶಾ ಟವೆಲಿನೊಳಗಿಂದ ಮುಖ ಹೊರಹಾಕಿತು.

“ಆಂಟಿ ದೈಜೋಬು ಅಂದ್ರಲ್ಲ,” ಎಂದಿತು.

ಒಜಾವಾ-ಸಾನ್ ಆ ಒಂದು ಪದ ಕೇಳಿ ತಿರುಗಿ ನೋಡಿದರು. ರಮಾಕಾಂತ ವಸುಂಧರಾಳ ಮುಖವನ್ನು ನೋಡಿದ. ನೋಡುತ್ತಾ ಅವನ ದವಡೆ ಬಿಗಿಯಿತು.

“ನಿಂಗೆ ಗೊತ್ತಿರ್ಲಿಲ್ವಾ?” ಎಂದು ಕೇಳಿದ.

ಗೊತ್ತಿರಲಿಲ್ಲ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಅಪರ್ಣಾ ತಕ್ಷಣ ನಂಬುತ್ತಿದ್ದಳು, ನಂಬಲು ಕಾದು ನಿಂತಂತಿದ್ದಳು.

“ಗೊತ್ತಿತ್ತು.”

“ಒಳಗೆ ನನ್ನ ಮಗು ಇತ್ತಲ್ಲೇ,” ಎಂದ ಅವನು.

“ಹತ್ತಿದ್ದು ನೋಡ್ದೆ,” ಎಂದಳು ವಸುಂಧರಾ.

ರಮಾಕಾಂತ ಒಂದು ಹೆಜ್ಜೆ ಮುಂದೆ ಬಂದ. ಒಜಾವಾ-ಸಾನ್ ಅವನ ತೋಳು ಹಿಡಿದರು. ಹಿಡಿಯಬೇಕಾಗಿರಲಿಲ್ಲ, ಅವನು ಅಲ್ಲೇ ಮರಳಿನ ಮೇಲೆ ಕುಸಿದು ಕೂತ. ಅಪರ್ಣಾ ಮಾತ್ರ ಎದ್ದಳು. ಮಗುವಿನ ಮೈಮೇಲಿದ್ದ ಟವೆಲನ್ನು ಬಿಚ್ಚಿದಳು. ಗಾಳಿಗೆ ಮಗು ಗಡಗಡ ನಡುಗಿತು. ತನ್ನ ಸ್ವೆಟರ್ ಕಳಚಿ ಅದಕ್ಕೆ ತೊಡಿಸಿ, ಟವೆಲನ್ನು ವಸುಂಧರಾಳ ಕಾಲ ಬಳಿ ಹಾಕಿದಳು.

“ಇನ್ಮೇಲೆ ನಮ್ಮನೆ ಕಡೆ ಬರಬೇಡ,” ಎಂದಳು. ದನಿ ಏರಿರಲಿಲ್ಲ.

ಅಶ್ವತ್ಥ ತನ್ನ ಗಾಡಿಯಿಂದ ಅವಳ ಬ್ಯಾಗನ್ನು ತಂದು ಸ್ವಲ್ಪ ದೂರದಲ್ಲಿಟ್ಟು ಹೋದ. ಒಜಾವಾ-ಸಾನ್ ಮೊಬೈಲಿನಲ್ಲಿ ಕ್ರೇನಿನವರಿಗೆ ಜಾಗ ವಿವರಿಸುತ್ತಿದ್ದರು, ಕಾಣದವರಿಗೆ ತಲೆಬಾಗಿಸುತ್ತಾ ಮತ್ತೆ ಮತ್ತೆ ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಿದ್ದರು. ಅವಳು ಎದುರು ಹಾದಾಗ ಅವರು ಸಮುದ್ರದ ಕಡೆಗೆ ತಿರುಗಿಕೊಂಡರು.

ಬಸ್‌ಸ್ಟಾಪಿಗೆ ಮೂರು ಕಿಲೋಮೀಟರ್. ಒದ್ದೆ ಪ್ಯಾಂಟು ತೊಡೆಗೆ ಉಜ್ಜಿ ಉರಿಯುತ್ತಿತ್ತು. ಪೈನ್ ತೋಪು ದಾಟಿದ ಮೇಲೆ ಈರುಳ್ಳಿ ಹೊಲಗಳು ಬಂದವು. ಸ್ಟಾಪಿನ ಬೆಂಚಿನ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಬುಟ್ಟಿಯಿಂದ ಈರುಳ್ಳಿಯನ್ನು ಒಂದೊಂದಾಗಿ ತೆಗೆದು ಒಣಸಿಪ್ಪೆ ಉದುರಿಸುತ್ತಿದ್ದಳು. ವಸುಂಧರಾಳ ಒದ್ದೆ ಬಟ್ಟೆ ನೋಡಿ, ಸಮುದ್ರಕ್ಕೆ ಹೋಗಿದ್ದೆಯಾ ಎಂದು ಕೇಳಿದಳು. ಹೌದು ಎಂದಳು. ಒಬ್ಬಳೇನಾ ಎಂದು ಮುದುಕಿ ಕೇಳಿದಳು. ಅದಕ್ಕೂ ಹೌದು ಎಂದಳು.

ಮುದುಕಿ ಬುಟ್ಟಿಯನ್ನು ಎತ್ತಿ ತನ್ನ ಕಾಲ ಬಳಿ ಇಟ್ಟುಕೊಂಡು, ಬೆಂಚಿನ ಮೇಲೆ ಬಿದ್ದ ಸಿಪ್ಪೆಗಳನ್ನು ಅಂಗೈಯಿಂದ ಸವರಿ ಜಾಗ ಮಾಡಿದಳು. ವಸುಂಧರಾ ತಲೆಬಾಗಿಸಿದಳು, ಕೂರಲಿಲ್ಲ. ಬಸ್ಸು ಬರಲು ಇನ್ನೂ ನಲವತ್ತು ನಿಮಿಷವಿತ್ತು. ಸವರಿದ ಜಾಗ ಇಬ್ಬರ ನಡುವೆ ಹಾಗೇ ಖಾಲಿಯಾಗಿತ್ತು.