ತೇಲುವ ಲೆಕ್ಕ

ಹೆಣದ ಕೊರಳಿನಿಂದ ಸೀಟಿಯ ದಾರ ತೆಗೆಯಲು ಟೈರಂಗಡಿಯವನು ಕೈ ಹಾಕಿದ್ದೇ ತಡ, ಅವನ ಅಕ್ಕ ಮಣಿಕಟ್ಟು ಹಿಡಿದುಕೊಂಡಳು.

"ಇರ್ಲಿ ಬಿಡೋ."

"ಅಕ್ಕಾ, ಕೋಟು ಹಾಕಿದೀವಿ, ಬೂಟು ಹಾಕಿದೀವಿ. ಅದರ ಮೇಲೆ ಸೀಟಿ ಚೆನ್ನಾಗಿರಲ್ಲ. ನೋಡಿದವರು ನಗ್ತಾರೆ."

"ನಗ್ಲಿ. ನಿಮ್ಮ ಭಾವನ್ನ ನೋಡಿ ಜನ ನಗೋದು ಇವತ್ತೇನು ಹೊಸದಾ?"

ಸೀಟಿ ಉಳಿಯಿತು. ಅವಳ ಗಂಡ ಊರ ಈಜುಕೊಳದಲ್ಲಿ ಕಾವಲಿನ ಕೆಲಸಕ್ಕಿದ್ದವರು. ನೀರಿಗೆ ಹೆದರಿಕೊಂಡು ಬಂದವರಿಗೆ ತೇಲುವುದನ್ನು ಕಲಿಸುತ್ತಿದ್ದರು. ಹಾಗಾಗಿ ಊರೆಲ್ಲ ಅವರನ್ನು ತೇಲುಮೇಷ್ಟ್ರು ಎನ್ನುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಆ ಓದಿಗೆ ಮಾಡಿದ ಸಾಲವನ್ನು ಹೊತ್ತುಕೊಂಡು ಊರಿಗೆ ಬಂದಾಗ ಅವರಿಗಾಗಿ ಯಾವ ಕುರ್ಚಿಯೂ ಕಾದಿರಲಿಲ್ಲ. ಈಜುಕೊಳದ ಅಂಚಿನ ಪ್ಲಾಸ್ಟಿಕ್ ಕುರ್ಚಿಯೊಂದು ಮಾತ್ರ ಖಾಲಿ ಇತ್ತು. ನಾಲ್ಕು ದಿನದ ಮಟ್ಟಿಗೆ ಎಂದು ಅದರಲ್ಲಿ ಕೂತವರು ತಲೆ ನರೆಯುವವರೆಗೂ ಏಳಲಿಲ್ಲ.

ಮೊನ್ನೆ ಸತ್ತದ್ದೂ ಆ ಕುರ್ಚಿಯಲ್ಲೇ. ಮಧ್ಯಾಹ್ನದ ಹೊತ್ತು. ಗಾಜಿನ ಮಾಡಿನಿಂದ ಇಳಿದ ಬಿಸಿಲು ನೀರಿನ ತಳದಲ್ಲಿ ಬಲೆ ಬೀಸಿದಂತೆ ಅಲುಗುತ್ತಿತ್ತು. ಮೇಷ್ಟ್ರು ಅದರ ಕಡೆ ಮುಖ ಮಾಡಿ, ಕಣ್ಣು ಅರ್ಧ ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ಕೂತಿದ್ದರು. ಲೆಕ್ಕದೊಳಗೆ ಹೋದಾಗ ಅವರು ಕೂರುತ್ತಿದ್ದದ್ದೇ ಹಾಗೆ. ಓದುವ ಕಾಲದಿಂದ ಅವರ ತಲೆಯಲ್ಲಿ ಬಿಡಿಸಲಾಗದ ಲೆಕ್ಕವೊಂದಿದೆ ಎಂಬುದು ಕೊಳಕ್ಕೆ ಬರುವವರಿಗೆಲ್ಲ ಗೊತ್ತು. ಇವತ್ತು ಅದು ಬಗೆಹರಿಯುವ ಹಾಗಿದೆ ಎಂದುಕೊಂಡು ಎಲ್ಲರೂ ಕೈಕಾಲು ಬಡಿಯದೆ, ಸದ್ದಿಲ್ಲದೆ ಈಜಿದರು. ಪೋಸ್ಟ್‌ಮ್ಯಾನ್ ಅಂತೂ ಕೆಮ್ಮು ಬಂದಾಗ ನೀರೊಳಗೆ ಮುಳುಗಿ ಕೆಮ್ಮಿದ. ಬಿಸಿಲು ಆ ಬದಿಗೆ ಸರಿದು, ಮೇಷ್ಟ್ರ ಮುಖ ನೆರಳಿಗೆ ಬಂದ ಮೇಲೆಯೇ ಯಾರಿಗೋ ಸಂಶಯ ಹುಟ್ಟಿದ್ದು. ಅಷ್ಟು ಹೊತ್ತು ಕೊಳಕ್ಕೆ ಕಾವಲೇ ಇರಲಿಲ್ಲ. ಯಾರೂ ಮುಳುಗಿರಲಿಲ್ಲ, ಎಲ್ಲರೂ ಅವರ ಹತ್ತಿರ ಕಲಿತವರೇ.

ಹೆಣದ ಗಾಡಿ ಬರಲು ಇನ್ನೂ ಹೊತ್ತಿತ್ತು. ಮಗಳು ಅಡಿಗೆಮನೆಯಲ್ಲಿ ತೊಳೆದ ಲೋಟಗಳನ್ನೇ ಮತ್ತೆ ತೊಳೆಯುತ್ತಿದ್ದಳು. ಟೈರಂಗಡಿಯ ಸೋದರಮಾವ ಬಂದು ಬಾಗಿಲಿಗೆ ಒರಗಿ ನಿಂತ.

"ನಾಳೆ ಅಲ್ವಾ ಪುಟ್ಟಿ, ಕಡೇ ದಿನ?"

"ಹ್ಞೂಂ."

ಅವಳಿಗೆ ಅಪ್ಪ ಓದಿದ ವಿಶ್ವವಿದ್ಯಾಲಯದಲ್ಲೇ, ಅಪ್ಪ ಓದಿದ ಗಣಿತಕ್ಕೇ ಸೀಟು ಸಿಕ್ಕಿತ್ತು. ಬ್ಯಾಂಕು ಸಾಲ ಕೊಡಲು ಒಪ್ಪಿತ್ತು. ಮನೆ ಅಮ್ಮನ ಹೆಸರಿನಲ್ಲಿತ್ತು, ಜಾಮೀನಿಗೆ ನಾಳೆಯೊಳಗೆ ಅವಳ ಸಹಿ ಬೇಕಿತ್ತು. ಅಮ್ಮ ಹೋದ ವಾರವೇ ಆಗುವುದಿಲ್ಲ ಎಂದುಬಿಟ್ಟಿದ್ದಳು. ಇಬ್ಬರ ನಡುವೆ ಸಿಕ್ಕಿಕೊಂಡ ಅಪ್ಪ, "ಅವಳು ಹ್ಞೂಂ ಅನ್ಲಿ, ಕಾಯೋಣ," ಎಂದು ತಮ್ಮ ಕುರ್ಚಿಗೆ ಹೋಗಿ ಕೂತಿದ್ದರು.

"ಇವತ್ತು ಆಡೋ ಮಾತಲ್ಲ," ಎಂದ ಮಾವ. "ಆದ್ರೂ ಹೇಳ್ತೀನಿ. ಭಾವನ ಓದಿಗೆ ಸುರಿದ ದುಡ್ಡಿಗೆ ಬಡ್ಡಿ ಸೇರಿಸಿದ್ರೆ ಒಂದು ಲಾರಿ ಬರ್ತಿತ್ತು. ಲಾರಿ ದುಡೀತಿತ್ತು. ಈ ಓದು ಏನು ದುಡೀತು? ಈಜು ಕಲಿಸೋಕೆ ಗಣಿತ ಯಾಕೆ? ಕಪ್ಪೆ ಯಾವ ಕಾಲೇಜಿಗೆ ಹೋಗಿತ್ತು ಹೇಳು?"

"ನಂಗೆ ಲಾರಿ ಓಡಿಸೋಕೆ ಬರಲ್ಲ ಮಾವ," ಎಂದಳು ಮಗಳು. ನಗಲು ಹೋದವಳಿಗೆ ಅಳು ಬಂತು.

ಅಮ್ಮ ಯಾವಾಗಲೋ ಬಂದು ಹಿಂದೆ ನಿಂತಿದ್ದಳು.

"ನಾನು ಈ ಮನೆಗೆ ಬರೋಕ್ ಮುಂಚೇನೇ ಆ ಸಾಲ ಇಲ್ಲಿತ್ತು ಕಣೇ, ಸವತಿ ಥರ. ಸಂಬಳ ಬಂದ ದಿನ ಮೊದಲು ಅವಳಿಗೆ ಬಡಿಸ್ಬೇಕು, ಉಳಿದಿದ್ದು ನನಗೆ. ಅಂತೂ ಹೋದ ವರ್ಷ ತೊಲಗಿದಳು. ಇನ್ನಾದ್ರೂ ಹಾಯಾಗಿರೋಣ ಅಂದ್ಕೊಂಡ್ರೆ ನಿಮ್ಮಪ್ಪ ಹೊರಟೇ ಹೋದ್ರು. ಈಗ ಇನ್ನೊಬ್ಬಳನ್ನ ಒಳಗೆ ಕರ್ಕೊಳ್ಳೋಕೆ ನಾನೇ ಸಹಿ ಹಾಕ್ಲಾ?"

ಮಗಳು ನಲ್ಲಿ ನಿಲ್ಲಿಸಿದಳು. ಹೊರಗೆ ಗಾಡಿಯ ಹಾರನ್ ಕೇಳಿಸಿತು.

*

ಬಹಳ ಹಿಂದೆ, ಆ ಕೊಳದ ನೀರಲ್ಲಿ ಒಬ್ಬ ಹುಡುಗಿ ಅಂಚಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು. ಇಸ್ತ್ರಿ ಅಂಗಡಿಯಲ್ಲಿ ನಿಂತು ನಿಂತು ಅವಳ ಬೆನ್ನು ಹಿಡಿದಿತ್ತು. ನೀರಿಗಿಳಿದರೆ ಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಸೀಟಿ ಹಾಕಿಕೊಂಡ ಸಣಕಲು ಮೇಷ್ಟ್ರು ಅವಳ ಬೆನ್ನ ಕೆಳಗೆ ಅಂಗೈ ಇಟ್ಟು ಹೇಳಿದರು:

"ಕಣ್ಣು ಮುಚ್ಚಿ. ಎಣಿಸಿ."

"ಒಂದು, ಎರಡು, ಮೂರು, ನಾಲ್ಕು..."

"ಹಾಗಲ್ಲ. ಎರಡು, ಮೂರು, ಐದು, ಏಳು."

"ನಾಲ್ಕು ಎಲ್ಲಿ ಹೋಯ್ತು?"

"ನಾಲ್ಕು ಎರಡೆರಡಾಗಿ ಒಡೆಯುತ್ತೆ. ಆರೂ ಅಷ್ಟೆ. ಸಮಪಾಲಾಗಿ ಒಡೆಯದೆ ಇರೋದನ್ನ ಮಾತ್ರ ಹೇಳಿ."

"ನಾನು ಬೆನ್ನುನೋವಿಗೆ ಬಂದಿರೋದು ಮೇಷ್ಟ್ರೇ, ಪರೀಕ್ಷೆಗಲ್ಲ!"

ಅವರು ನಕ್ಕರು. ಆ ನಗು ಗಾಜಿನ ಮಾಡಿಗೆ ತಾಗಿ ಹಿಂದಿರುಗಿ ನೀರಿನ ಮೇಲೆ ಹರಡಿಕೊಂಡಿತು.

"ಸಾಲಾಗಿ ಎಣಿಸಿದ್ರೆ ಬಾಯಿ ಎಣಿಸುತ್ತೆ, ಮನಸ್ಸು ಕೂತು ಹೆದರುತ್ತೆ. ಇದಕ್ಕೆ ಮನಸ್ಸೇ ಬೇಕು. ಅದನ್ನ ಲೆಕ್ಕಕ್ಕೆ ಕಳಿಸಿಬಿಡಿ, ಮೈ ತಾನಾಗೇ ತೇಲುತ್ತೆ."

ಅವಳು ಎಣಿಸಿದಳು. ಇಪ್ಪತ್ತೊಂದು ಎಂದು ಬೈಸಿಕೊಂಡಳು, ಇಪ್ಪತ್ತೇಳು ಎಂದು ಮತ್ತೆ ಬೈಸಿಕೊಂಡಳು. ಮೂವತ್ತೊಂದರ ಹೊತ್ತಿಗೆ ಕಿವಿಯೊಳಗೆ ನೀರು ಸಣ್ಣಗೆ ಹಾಡುತ್ತಿತ್ತು, ಬೆನ್ನು ಯಾರದೋ ಬೆನ್ನಿನಂತೆ ಹಗುರಾಗಿತ್ತು.

"ಕೈ ತೆಗೀಬೇಡಿ ಮೇಷ್ಟ್ರೇ," ಎಂದಳು.

"ತೆಗೆದು ಆಗ್ಲೇ ತುಂಬ ಹೊತ್ತಾಯ್ತು," ಎಂದಿತು ದೂರದ ಕುರ್ಚಿಯ ಕಡೆಯಿಂದ ಬಂದ ದನಿ.

*

ಸ್ಮಶಾನದಲ್ಲಿ ಮೇಷ್ಟ್ರ ಪೆಟ್ಟಿಗೆಯನ್ನು ಗುಂಡಿಗಿಳಿಸುವಾಗ ಹಗ್ಗ ಹಿಡಿದವರು ಹಿಂದುಮುಂದಾದರು. ತಲೆಯ ಕಡೆ ಪೋಸ್ಟ್‌ಮ್ಯಾನ್ ಹೆಚ್ಚು ಬಿಟ್ಟ, ಕಾಲಿನ ಕಡೆ ಟೈರಂಗಡಿಯವನು ಬಿಡಲೇ ಇಲ್ಲ. ಪೆಟ್ಟಿಗೆ ವಾಲಿತು. ಹೆಂಡತಿ ಬಾಯಿಗೆ ಕೈ ಹಿಡಿದಳು.

"ಒಟ್ಟಿಗೆ ಬಿಡ್ಬೇಕು ಸ್ವಾಮಿ," ಎಂದ ಗುಂಡಿ ತೋಡುವವನು. "ಎಣಿಸ್ಕೊಂಡು ಬಿಡಿ."

ಪೋಸ್ಟ್‌ಮ್ಯಾನ್ ಉಸಿರೆಳೆದುಕೊಂಡು, "ಎರಡು," ಎಂದ.

"ಮೂರು," ಎಂದರು ಎದುರಿಗಿದ್ದವರು. "ಐದು. ಏಳು."

ಪೆಟ್ಟಿಗೆ ನೆಟ್ಟಗಾಗಿ ಇಳಿಯತೊಡಗಿತು. ಹಗ್ಗ ಹಿಡಿಯದವರೂ ಎಣಿಸುತ್ತಿದ್ದರು. ಔಷಧಿ ಅಂಗಡಿಯಾಕೆ, ಬ್ಯಾಂಕಿನ ಗುಮಾಸ್ತ, ಕೊನೆಯ ಸಾಲಿನಲ್ಲಿ ಕೋಲೂರಿಕೊಂಡ ಮುದುಕಿ. ಎಲ್ಲರ ದನಿಯೂ ನೀರಿನಲ್ಲಿ ಮಲಗಿದವರ ದನಿಯಂತೆ ಮೆತ್ತಗಿತ್ತು.

"ಹನ್ನೊಂದು."

"ಇದ್ಯಾವ ಲೆಕ್ಕಾನಪ್ಪ!" ಎಂದ ಗುಂಡಿ ತೋಡುವವನು. "ಒಂಬತ್ತನ್ನ ನುಂಗಿಬಿಟ್ರಲ್ಲ?"

"ಒಂಬತ್ತು ಒಡೆಯುತ್ತೆ ಕಣಪ್ಪ," ಎಂದಳು ಹೆಂಡತಿ, ಗುಂಡಿಯಿಂದ ಕಣ್ಣು ತೆಗೆಯದೆ.

ಹದಿನೇಳಕ್ಕೆ ಟೈರಂಗಡಿಯವನ ದನಿಯೂ ಸೇರಿತು. ಹತ್ತೊಂಬತ್ತು, ಇಪ್ಪತ್ತಮೂರು. ಅಕ್ಕ ಬೆರಗಾಗಿ ಅವನ ಕಡೆ ತಿರುಗಿದಳು. ಪೆಟ್ಟಿಗೆ ತಳ ಮುಟ್ಟಿದ ಮೇಲೆ ಅವನು ಹಗ್ಗದ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ.

"ನೀನ್ಯಾವಾಗ ಕಲಿತೆಯೋ?"

"ಎಲ್ಲರೂ ಹೋದ್ಮೇಲೆ ಬಾ ಅಂತಿದ್ರು ಭಾವ. ನಂಗೆ ನೀರು ಅಂದ್ರೆ ಭಯ ಅಂತ ಯಾರಿಗೂ ಹೇಳ್ಲಿಲ್ಲ ಅವರು. ನಿಂಗೂ ಹೇಳ್ಲಿಲ್ಲ ನೋಡು." ಅವನು ಮೂಗು ಸೀಟಿಕೊಂಡು ಇನ್ನೊಂದು ಕಡೆ ತಿರುಗಿದ. ಲಾರಿಯ ಮಾತು ಮತ್ತೆ ಎತ್ತಲಿಲ್ಲ.

*

ಮನೆ ಚಿಕ್ಕದಾದ್ದರಿಂದ ಬಂದವರಿಗೆಲ್ಲ ಕೊಳದ ಕಟ್ಟಡದಲ್ಲೇ ಚಹಾ ಕೊಟ್ಟರು. ಬೆಂಚುಗಳು ಸಾಲದೆ ಕೆಲವರು ನಿಂತೇ ಕುಡಿದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಸಂಜೆ ಒಬ್ಬೊಬ್ಬರೇ ಹೊರಟು, ಕೊನೆಗೆ ತಾಯಿ ಮಗಳು ಇಬ್ಬರೇ ಉಳಿದರು. ನೀರು ಅಲುಗದೆ ಮಲಗಿತ್ತು.

"ಕಾಲು ಉರೀತಿದೆ," ಎಂದು ಅಮ್ಮ ಮೆಟ್ಟಿಲ ಮೇಲೆ ಕೂತು ಪಾದ ಇಳಿಬಿಟ್ಟಳು. ಆಮೇಲೆ ಮೊಣಕಾಲವರೆಗೆ ಇಳಿದಳು. ಆಮೇಲೆ ಉಟ್ಟ ಬಟ್ಟೆಯಲ್ಲೇ ಸೊಂಟದವರೆಗೆ.

"ಅಮ್ಮಾ!"

"ಬೆನ್ನು ಹಿಡ್ಕೋ ಬಾ. ಎಷ್ಟೋ ವರ್ಷ ಆಯ್ತು."

ಮಗಳು ಇಳಿದು ಅಂಗೈ ಚಾಚಿದಳು. ಅಮ್ಮ ಅದರ ಮೇಲೆ ಮಲಗಿ ಕಣ್ಣು ಮುಚ್ಚಿ ಎಣಿಸತೊಡಗಿದಳು. ಎಲ್ಲೂ ತಪ್ಪಲಿಲ್ಲ. ಎಂಬತ್ತಮೂರು, ಎಂಬತ್ತೊಂಬತ್ತು, ತೊಂಬತ್ತೇಳು. ಅಲ್ಲಿ ನಿಂತಳು.

"ಆಮೇಲೆ ಗೊತ್ತಿಲ್ಲ ಕಣೇ. ಅಷ್ಟರೊಳಗೆ ಎಲ್ಲರೂ ತೇಲ್ತಾರೆ ಅಂತ ನಿಮ್ಮಪ್ಪ ಇಲ್ಲಿಗೇ ನಿಲ್ಲಿಸ್ತಿದ್ರು. ಮುಂದೆ ಇದೆಯಾ?"

"ಇದೆ. ನೂರೊಂದು. ನೂರ ಮೂರು. ನೂರ ಏಳು."

"ಎಲ್ಲೀವರೆಗೆ?"

"ಮುಗಿಯೋದೇ ಇಲ್ಲಮ್ಮ. ಹೋಗ್ತಾ ಹೋಗ್ತಾ ದೂರದೂರ ಆಗ್ತವೆ ಅಷ್ಟೆ. ಮುಂದಿನದು ಎಲ್ಲಿ ಸಿಗುತ್ತೋ ಹೇಳೋಕಾಗಲ್ಲ. ಅಪ್ಪ ಕುರ್ಚಿ ಮೇಲೆ ಕೂತು ಯೋಚಿಸ್ತಿದ್ದಿದ್ದು ಅದನ್ನೇ."

ಅಮ್ಮನ ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕೊಳಕ್ಕೆ ಸೇರಿತು.

"ಅದೇನು ಲೆಕ್ಕ ಅಂತ ನಾನು ಒಂದಿನಾನೂ ಕೇಳ್ಲಿಲ್ಲ ನೋಡು. ಸಾಲ ಎಷ್ಟು ಉಳೀತು ಅಂತ ಮಾತ್ರ ಕೇಳ್ತಿದ್ದೆ."

ನೀರು ಅವರಿಬ್ಬರನ್ನೂ ಮೆಲ್ಲಗೆ ತೂಗುತ್ತಿತ್ತು. ಅಮ್ಮ ಕಣ್ಣು ತೆರೆಯದೆಯೇ ಕೇಳಿದಳು:

"ನಾಳೆ ಬ್ಯಾಂಕು ಎಷ್ಟು ಹೊತ್ತಿಗೆ ತೆಗೀತಾರೆ?"

"ಅಮ್ಮಾ... ಸಾಲ ಅಮ್ಮಾ..."

"ಇರ್ಲಿ ಬಿಡು. ಸವತಿ ಜೊತೆ ಬಾಳಿ ನಂಗೆ ಅಭ್ಯಾಸ ಇದೆ. ಮುಂದಿನದು ಹೇಳು. ಕೈ ಮಾತ್ರ ತೆಗೀಬೇಡ."

"ನೂರ ಒಂಬತ್ತು," ಎಂದಳು ಮಗಳು, ಮೆಟ್ಟಿಲ ಹತ್ತಿರದಿಂದ. ಅವಳ ಎರಡೂ ಕೈ ಕಣ್ಣೊರೆಸಿಕೊಳ್ಳುತ್ತಿದ್ದವು. ಅಮ್ಮ ಕೊಳದ ನಡುವೆ ಬಟ್ಟೆ ಅರಳಿಸಿಕೊಂಡು ಒಬ್ಬಳೇ ತೇಲುತ್ತಿದ್ದಳು. ಅವಳ ಬೆನ್ನ ಕೆಳಗೆ, ತುಂಬ ಕೆಳಗೆ, ಸಂಜೆಯ ಕೊನೆಯ ಬೆಳಕು ಬಲೆ ಬೀಸಿಕೊಂಡು ಅಲುಗುತ್ತಿತ್ತು.