ಉಚ್ಚೆಂಗೆಪ್ಪ ಮಾವನ ಅಳುಬುರುಕ ಕಾರು

ನಮ್ಮ ಉಚ್ಚೆಂಗೆಪ್ಪ ಮಾವನ ಪ್ರಕಾರ ಸೀಟ್ ಬೆಲ್ಟ್ ಇರುವುದು ಡ್ರೈವಿಂಗ್ ಬಾರದವರಿಗೆ. ಡ್ರೈವಿಂಗ್ ಬರುವವರಿಗೆ ಮೀಸೆ ಇರುತ್ತದೆ.

ಬಳ್ಳಾರಿಯಲ್ಲಿ ನಾನು ಕೆಲಸ ಮಾಡುವ ಕಾರ್ ಸಾಮಾನಿನ ಅಂಗಡಿಗೆ ಬರುವ ಗಿರಾಕಿಗಳದ್ದೂ ಇದೇ ಸಿದ್ಧಾಂತ. ಎದುರಿಗೆ ಅದಿರು ತುಂಬಿದ ಲಾರಿ ನುಗ್ಗಿ ಬಂದರೂ ಹೆದರದ ಹೀರೋಗಳು. ಅವರು ಹೆದರುವುದು ಬೆಲ್ಟ್ ಹಾಕದಿದ್ದರೆ ಕಾರು ಬಡಿಯುವ ಆ ಟಣ್ ಟಣ್‌ಗೆ ಮಾತ್ರ. ಅದರ ಬಾಯಿ ಮುಚ್ಚಿಸಲು ಬೆಲ್ಟಿನ ತುದಿಯಂಥದ್ದೇ ಒಂದು ಬರಿಯ ಕ್ಲಿಪ್ಪು ಬರುತ್ತದೆ. ಬಕಲಿಗೆ ಸಿಕ್ಕಿಸಿದರೆ ಸಾಹೇಬರು ಬೆಲ್ಟ್ ಹಾಕಿದ್ದಾರೆಂದು ಕಾರು ನಂಬುತ್ತದೆ. ಹುಲಿಮುಖದ್ದು ಇದೆ, ದೇವರ ಚಿತ್ರದ್ದೂ ಇದೆ. ದೇವರದ್ದೇ ಹೆಚ್ಚು ಖರ್ಚಾಗುತ್ತದೆ. ಮೊನ್ನೆ ಒಬ್ಬ ಅದನ್ನು ಕಣ್ಣಿಗೊತ್ತಿಕೊಂಡು ಹೋದ. ಸಾಯುವುದಕ್ಕೆ ಇಷ್ಟು ಭಕ್ತಿಯಿಂದ ತಯಾರಾಗುವವರನ್ನು ನಾನು ಪರದೆಯ ಮೇಲೂ ನೋಡಿಲ್ಲ.

ಮಾವ ಹೊಸ ಕಾರು ತೆಗೆದದ್ದು ನೀಲಾವತಿಯವರನ್ನು ನಂಬಿ. ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ನಡೆಸುವ ಅವರಿಗೆ ತಿಂಗಳ ಬಾಡಿಗೆಗೆ ಒಂದು ಕಾರು, ಜೊತೆಗೆ ಡ್ರೈವರ್ ಬೇಕಿತ್ತು. ಬಳ್ಳಾರಿಗೆ ಬಂದಿದ್ದ ಅವರನ್ನು ಒಂದು ಸಲ ಮನೆ ಮುಟ್ಟಿಸುವುದೇ ಪರೀಕ್ಷೆ. ಪಾಸಾದರೆ ಕೆಲಸ ಖಾಯಂ. ಇಲ್ಲವಾದರೆ ಮಾವ ಮತ್ತೆ ಬೇರೆಯವರ ಗೂಡ್ಸ್ ಆಟೋ ಓಡಿಸಬೇಕು.

ಅದಕ್ಕಾಗಿ ಹಿಂದಿನ ದಿನ ಕುರುಗೋಡಿನಲ್ಲಿ ಗಾಡಿಪೂಜೆ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು, ಕಾಯಿ ಒಡೆದದ್ದಾಯಿತು. ಅಲ್ಲಿಗೆ ಬಿಡಬಹುದಿತ್ತು. ಮಾವ ನನ್ನಿಂದ ಒಯ್ದ ಕ್ಲಿಪ್ಪನ್ನೂ ತಟ್ಟೆಯಲ್ಲಿಟ್ಟು ಅದಕ್ಕೂ ಕುಂಕುಮ ಹಚ್ಚಿದ. ಆಮೇಲೆ ತುಪ್ಪ, ಅರಿಶಿನ ಕಲೆಸಿದ ಅಕ್ಷತೆಯನ್ನು ತನ್ನ ಸೀಟಿನ ಮೇಲೆ, ಮದುಮಗನ ತಲೆಗೆ ಹಾಕಿದಂತೆ ಹಿಡಿ ಹಿಡಿಯಾಗಿ ಸುರಿದ. ಕಾಳುಗಳು ಬಕಲಿನ ಸಂದಿಗೆ ಇಳಿದವು. ಅವುಗಳ ಮೇಲೆ ಕ್ಲಿಪ್ಪಿಟ್ಟು ಅಂಗೈಯಿಂದ ಗುದ್ದಿದ. ಅದು ಹೇಗೋ ಅರ್ಧ ಹೊಕ್ಕು ನಿಂತಿತು, ಕೂಗೂ ನಿಂತಿತು. ಮಾವ ನನ್ನತ್ತ ನೋಡಿ ಮೀಸೆ ತಿರುವಿದ. ಇಂಟರ್‌ವಲ್‌ಗೆ ಮುಂಚೆ ವಿಲನ್ ನಗುತ್ತಾನಲ್ಲ, ಹಾಗೆ.

ಮರುದಿನ ನೀಲಾವತಿಯವರು ಹಿಂದೆ ಕೂತರು. ಮಾವನ ಪಕ್ಕದಲ್ಲಿ ನಾನು, ಬೆಲ್ಟ್ ಹಾಕಿಕೊಂಡು. ಕಾರು ಏನಾದರೂ ತಕರಾರು ಮಾಡಿದರೆ ನೋಡಿಕೊಳ್ಳಲಿ ಎಂದು ಕರೆತಂದಿದ್ದ ಮಾವ, ಅವರಿಗೆ ನನ್ನನ್ನು ಇಂಜಿನಿಯರ್ ಎಂದು ಪರಿಚಯಿಸಿದ. ಊರು ದಾಟುವ ಮೊದಲೇ ರೋಡ್ ಹಂಪಿನ ಮೇಲೆ ಕಾರು ಕುಪ್ಪಳಿಸಿತು, ಕ್ಲಿಪ್ಪು ಹಾರಿ ಅವನ ಕಾಲ ಬಳಿ ಬಿತ್ತು. ಟಣ್ ಟಣ್ ಶುರು.

ಕೆಲವು ಕಾರು ಸ್ವಲ್ಪ ಹೊತ್ತು ಕೂಗಿ ಸುಸ್ತಾಗುತ್ತವೆ. ಇದು ಹಠಮಾರಿ. ಮಾವ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದರಲ್ಲಿ ಕ್ಲಿಪ್ಪು ತುರುಕಿದ. ಬಕಲು ಅದನ್ನು ಮತ್ತೆ ಮತ್ತೆ ಉಗುಳಿತು. ನೀಲಾವತಿಯವರು ಅದೇನು ಸದ್ದು ಎಂದರು. ಏಸಿಯದು ಎಂದ. ಏಸಿ ಆರಿಸಲು ಹೇಳಿದರು. ಆರಿಸಿದರೂ ಕೂಗು ನಿಲ್ಲಲಿಲ್ಲ, ಬೆವರು ಮಾತ್ರ ಬಂತು. ಆಗ, ನಾವು ಎಲ್ಲಿದ್ದೇವೆಂದು ಸ್ಯಾಟಲೈಟ್ ಕೇಳುತ್ತಿದೆ ಎಂದ. ಹಾಗಾದರೆ ಹೇಳಿಬಿಡು, ಪಾಪ, ಎಂದರು ಅವರು. ಹಾಡು ಜೋರು ಮಾಡಿದ. ತಲೆನೋವು ಬಂತೆಂದು ಅದನ್ನೂ ನಿಲ್ಲಿಸಲು ಹೇಳಿದರು. ತೆಕ್ಕಲಕೋಟೆ ಹತ್ತಿರ ಬಂದಾಗ ಅವರ ಸಹನೆ ಮುಗಿದು, ನನ್ನ ಕಡೆ ತಿರುಗಿದರು.

“ತಮ್ಮಾ, ನೀ ಖರೆ ಹೇಳು. ಈ ಗಾಡಿ ಯಾಕ ಹಿಂಗ ಅಳಾಕತ್ತೈತಿ?”

“ಡ್ರೈವರ್ ಬೆಲ್ಟ್ ಹಾಕಿಲ್ರಿ ಅಕ್ಕಾರ.”

ಮಾವ ನನ್ನನ್ನು ನೋಡಿದ ನೋಟಕ್ಕೆ ಸ್ಲೋ ಮೋಷನ್ ಇತ್ತು.

“ಹಾಕ್ಕೊಂಡ್ರ ಸುಮ್ನಾಗತೈತೇನು?” ಎಂದರು.

ಆಗುತ್ತದೆ ಎಂದೆ. ಹಾಕಿಕೋ ಎಂದರು. ಮಾವ ಗಾಡಿ ಬದಿಗೆ ನಿಲ್ಲಿಸಿ ಬೆಲ್ಟ್ ಎಳೆದ. ಬಕಲ್ ಒಪ್ಪಲಿಲ್ಲ. ನೀಲಾವತಿಯವರು ಬಳೆಗೆ ಸಿಕ್ಕಿಸಿದ್ದ ಪಿನ್ನು ಕೊಟ್ಟರು. ನಾನು ಒಂದೊಂದೇ ಕಾಳು ಕೆದಕಿ ತೆಗೆದೆ. ಹಳದಿ ಕಾಳು, ತುಪ್ಪದ ವಾಸನೆ.

“ಅದಕ್ಕ ಹಾಕೋದು ಬೆಲ್ಟಪಾ. ನೀ ಉಣ್ಣಾಕ ಇಕ್ಕೀದಿಯಲ್ಲ,” ಎಂದರು.

ಬೆಲ್ಟ್ ಟಕ್ ಎಂದು ಕೂತಿತು. ಕಾರು ಮೌನ. ಮಾವನದು ಉಸಿರು ಕಟ್ಟಿದಂಥ ಮುಖ, ನೀಲಾವತಿಯವರಿಗೆ ಮಾತ್ರ ಸುಖನಿದ್ದೆ. ಸಿರುಗುಪ್ಪ ಬಂದಾಗ ಎದ್ದು, ಮುಂದಿನ ತಿಂಗಳಿಂದಲೇ ಬಾ, ಆದರೆ ಬೆಲ್ಟ್ ಬಿಚ್ಚಬೇಡ, ನನಗೆ ನಿದ್ದೆ ಮುಖ್ಯ ಎಂದರು. ಮಾವ ತಲೆಯಾಡಿಸಿದ. ಖಾಯಂ ಆಯಿತು. ಗಿರಣಿಯ ಹಿಂದಿನ ಮನೆಗೆ ಬಿಟ್ಟರೆ ಕಥೆ ಸುಖಾಂತ.

ಗಿರಣಿಯ ಗೇಟಿನಲ್ಲಿ ಹಮಾಲರು ಚಹಾ ಕುಡಿಯುತ್ತಿದ್ದರು. ಅವರ ನಡುವೆ ದುರ್ಗೇಶ್. ಮಾವನ ಜೊತೆ ಗೂಡ್ಸ್ ಆಟೋ ಓಡಿಸಿದ ದೋಸ್ತ, ಬಾಯಿಗೆ ಬ್ರೇಕಿಲ್ಲ. ಕಾರನ್ನು ತಡೆದು ಕಿಟಕಿಗೆ ಬಗ್ಗಿದ.

“ಏನಲೇ ಉಚ್ಚೆಂಗಿ, ಅಕ್ಕಿ ಚೀಲದಂಗ ಕಟ್ಟಿ ತಂದಾರಲ್ಲ ನಿನ್ನ. ಬಿಟ್ರ ಉರುಳಿ ಬೀಳ್ತೀಯೇನು?”

ಹಮಾಲರು ಬಿದ್ದು ಬಿದ್ದು ನಕ್ಕರು. ಒಬ್ಬ ತೂಕ ಹಾಕಿ ಇಳಿಸೋಣವೇ ಎಂದು ಕೇಳಿದ. ಮಾವನ ಕಿವಿ ಕೆಂಪಾಯಿತು, ಬೆರಳು ಬಕಲಿನ ಕೆಂಪು ಗುಂಡಿಯತ್ತ ಹೋಯಿತು. ಮನೆ ಕಾಣುತ್ತಲೇ ಇತ್ತು.

“ಮಾವಾ, ಬ್ಯಾಡ. ಕೆಲಸ ಹೋಕ್ಕೈತಿ,” ಎಂದೆ ಮೆಲ್ಲಗೆ.

ಅವನಿಗೆ ಆ ನಗು ಬಿಟ್ಟು ಬೇರೇನೂ ಕೇಳಲಿಲ್ಲ. ಒತ್ತಿದ. ಬೆಲ್ಟ್ ಸರ್ರನೆ ಹಿಂದಕ್ಕೆ ಓಡಿತು. ಎದೆ ಉಬ್ಬಿಸಿ ದುರ್ಗೇಶನಿಗೆ ಹೇಳಿದ:

“ನನ್ನ ಕಟ್ಟಿ ಹಾಕೋ ಹಗ್ಗ ಇನ್ನ ಯಾರೂ ಹೊಸೆದಿಲ್ಲಲೇ.”

ಡೈಲಾಗಿನ ಟೈಮಿಂಗ್ ಭರ್ಜರಿಯಾಗಿತ್ತು, ಸುಳ್ಳಾಡಬಾರದು. ಹಮಾಲರು ಶಿಳ್ಳೆ ಹೊಡೆದರು. ಮಾವ ಗಾಡಿ ಮುಂದೆ ಬಿಟ್ಟ. ಟಣ್ ಟಣ್.

“ನಿಲ್ಲಸು,” ಎಂದರು ನೀಲಾವತಿಯವರು. ಚೀಲ ತೆಗೆದುಕೊಂಡು ತಾವೇ ಬಾಗಿಲು ತೆರೆದು ಇಳಿದು, ಕಿಟಕಿಯ ಬಳಿ ಬಂದರು.

“ಗಾಡಿ ಛಲೋ ಐತಿ. ಡ್ರೈವರ್ ಬ್ಯಾರೆ ಯಾರರ ಸಿಕ್ರ ಕಳಸು.”

ಮನೆಯ ಕಡೆಗೆ ನಡೆದೇ ಹೋದರು. ಶಿಳ್ಳೆ ಹೊಡೆದವರು ಚಹಾದ ಲೋಟ ಇಟ್ಟು ಚೀಲ ಹೊರಲು ಎದ್ದರು. ದುರ್ಗೇಶನಿಗೂ ಕೆಲಸವಿತ್ತು. ಹೀರೋನ ಸುತ್ತ ಈಗ ಯಾರೂ ಇರಲಿಲ್ಲ. ಮಾವ ಬಹಳ ಹೊತ್ತು ಮೀಸೆ ಸವರಿದ.

“ನಿನಗ ಗಾಡಿ ಹೊಡ್ಯಾಕ ಬರತೈತಲ್ಲಲೇ ಪರಶು?” ಎಂದ ಕೊನೆಗೆ.

ಬರುತ್ತದೆ ಎಂದೆ. ಕೀಲಿ ನನ್ನ ತೊಡೆಯ ಮೇಲಿಟ್ಟು ಇಳಿದ. ಪಕ್ಕದ ಸೀಟಿಗೆ ಬಾ ಎಂದು ಕರೆದೆ. ಅದಕ್ಕೂ ಬೆಲ್ಟ್ ಕಟ್ಟಬೇಕೆಂದು ನೆನಪಾಯಿತೇನೋ, ಬೇಡವೆಂದು ಕೈ ಬೀಸಿ, ತನ್ನದೇ ಹೊಸ ಕಾರು ಬಿಟ್ಟು ಬಸ್ ಸ್ಟ್ಯಾಂಡ್ ಕಡೆ ಗತ್ತಿನಿಂದ ನಡೆದ. ಬಸ್ಸಿನಲ್ಲಿ ಬಳ್ಳಾರಿಯವರೆಗೆ ನಿಂತೇ ಹೋಗಬೇಕಾಯಿತಂತೆ. ಆದರೆ ಯಾರೂ ಕಟ್ಟಿ ಹಾಕಲಿಲ್ಲ.